ಶಿವಗಂಗೆ ಬೆಟ್ಟ ತಗ್ಗಿನಲ್ಲಿದೆಯೇ?

ಅಂತರಜಾಲದ 'ನಿಮಗಿದು ಗೊತ್ತೆ?' ಮಾಹಿತಿಗಳ ಒಂದು ವಿಮರ್ಶೆ

ನೀವು ಶಿಕ್ಷಕರಾಗಿದ್ದರೆ ಒಮ್ಮೆಯಾದರೂ ರಸಪ್ರಶ್ನೆ ಕಾರ್ಯಕ್ರಮ ನಡೆಸಿರುತ್ತೀರಿ. ವಿದ್ಯಾರ್ಥಿಯಾಗಿದ್ದರೆ ಅದರಲ್ಲಿ ಭಾಗವಹಿಸಿರುತ್ತೀರಿ. ಹಿಂದಿನ ದಿನ ರಾತ್ರಿ ಗಡಿಬಿಡಿಯಲ್ಲಿ ಪ್ರಶ್ನೆಗಳನ್ನು ಹೊಂದಿಸುವುದು, 'ನಮ್ಮ ಊರು, ನಮ್ಮ ನಾಡು' ಸುತ್ತಿಗೆ ನಾಲ್ಕು ಪ್ರಶ್ನೆ ಕಡಿಮೆ ಬೀಳುವುದು, ಕೊನೆಗೆ ಅಂತರಜಾಲದ ಮೊರೆ ಹೋಗುವುದು – ಇದೆಲ್ಲ ನಮಗೆ ರೂಢಿಯೇ. ಕೆಲವು ವರ್ಷಗಳ ಹಿಂದೆ ನೆಲಮಂಗಲ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪ್ರಶ್ನೆ ಕೇಳುವ ಹೊಣೆ ಹೊತ್ತಾಗ ನಾನೂ ಇದನ್ನೇ ಮಾಡಿದೆ. ಅಂದು ಜಾಲದಿಂದ ಇಳಿಸಿಕೊಂಡ ನಾಲ್ಕು ಪ್ರಶ್ನೆಗಳನ್ನೇ ಇಲ್ಲಿ ವಿಮರ್ಶೆಗೆ ಒಡ್ಡುತ್ತಿದ್ದೇನೆ. ಪ್ರಶ್ನೆ, ಉತ್ತರ ಎರಡೂ ಹೀಗಿದ್ದವು:

1. ಶಿವಗಂಗೆ ಬೆಟ್ಟದ ಎತ್ತರ ಎಷ್ಟು? (804.8 ಮೀಟರ್)

2. ಏಷ್ಯಾದಲ್ಲೇ ಮೊದಲು ವಿದ್ಯುದ್ದೀಪ ಕಂಡ ನಗರ ಯಾವುದು? (ಬೆಂಗಳೂರು)

3. ಶಿವಗಂಗೆಯಿಂದ ಹೊರಡುವ ಸುರಂಗ ಬೆಂಗಳೂರಿನ ಯಾವ ದೇವಾಲಯವನ್ನು ಸೇರುತ್ತದೆ? (ಗವಿಗಂಗಾಧರೇಶ್ವರ)

4. ಹೊಯ್ಸಳ ರಾಣಿ ಶಾಂತಲೆ ಯಾವ ಬೆಟ್ಟದಿಂದ ಹಾರಿ ಪ್ರಾಣ ಬಿಟ್ಟಳು? (ಶಿವಗಂಗೆ)

ಮೊದಲ ಪ್ರಶ್ನೆಗೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು "ಸಾವಿರದ ಮುನ್ನೂರು ಮೀಟರಿಗಿಂತ ಜಾಸ್ತಿ" ಎಂದಳು. ನಾನು ಕೈಯಲ್ಲಿದ್ದ ಹಾಳೆ ನೋಡಿ "ತಪ್ಪು" ಎಂದೆ. ಮುಂದಿನ ತಂಡವೂ ಹೇಳಲಿಲ್ಲ. ನಾನೇ ಉತ್ತರ ಓದಿದೆ. ಹುಡುಗಿ ಕೂರಲಿಲ್ಲ. "ಸಾರ್, ನೆಲಮಂಗಲ ಸ್ಟೇಷನ್ ಬೋರ್ಡಿನಲ್ಲೇ ಎಂಟುನೂರಕ್ಕಿಂತ ಜಾಸ್ತಿ ಬರೆದಿದ್ದಾರಲ್ಲ. ಹಾಗಾದರೆ ಬೆಟ್ಟ ನಮ್ಮೂರಿಗಿಂತ ತಗ್ಗಿನಲ್ಲಿದೆಯಾ?" ಎಂದು ಕೇಳಿದಳು. ಸಭೆ ನಕ್ಕಿತು. ನಾನೂ ನಕ್ಕು, "ಜಾಲದಲ್ಲಿ ಹೀಗೇ ಇದೆ ಮಗು, ಸಮಯವಾಯಿತು" ಎಂದು ಮುಂದಿನ ಪ್ರಶ್ನೆಗೆ ಹೋದೆ. ಅವಳ ತಂಡ ಅಂದು ಆ ಒಂದು ಪ್ರಶ್ನೆಯ ಅಂಕದಿಂದಲೇ ಸೋತಿತು.

ಮನೆಗೆ ಬರುವ ದಾರಿಯಲ್ಲಿ ಹೆದ್ದಾರಿಯಿಂದ ಬೆಟ್ಟ ಕಾಣುತ್ತಿತ್ತು. ತಲೆ ಎತ್ತಿಯೇ ನೋಡಬೇಕಾಯಿತು!

ಒಂದು ಸಂಖ್ಯೆಯ ವಿಚಾರಣೆ

ಶಿವಗಂಗೆ ನೆಲಮಂಗಲ ತಾಲ್ಲೂಕಿನ ಸೋಂಪುರ ಹೋಬಳಿಯಲ್ಲಿದೆ. ಡಾಬಸ್‌ಪೇಟೆಯಿಂದ ಕೆಲವೇ ಕಿ.ಮೀ. ದೂರ. ಈ ಬೆಟ್ಟದ ಎತ್ತರ 804.8 ಮೀ. ಅಥವಾ ಸುಮಾರು 2,640 ಅಡಿ ಎಂಬ ಅಂಕಿ ಹಲವು ಜಾಲತಾಣಗಳಲ್ಲಿ, ಪ್ರವಾಸಿ ಪುಟಗಳಲ್ಲಿ, ಚಾರಣಿಗರ ಬರಹಗಳಲ್ಲಿ ಸಿಗುತ್ತದೆ. ಇದನ್ನು ಪರೀಕ್ಷಿಸಲು ದೊಡ್ಡ ಗ್ರಂಥಾಲಯವೇನೂ ಬೇಡ. ಎರಡು ಪ್ರಶ್ನೆ ಸಾಕು.

ಮೊದಲನೆಯದು: ಎಲ್ಲಿಂದ ಅಳೆದ ಎತ್ತರ? ಸಮುದ್ರಮಟ್ಟದಿಂದ ಎಂದಿಟ್ಟುಕೊಳ್ಳಿ. ನೆಲಮಂಗಲ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 880 ಮೀ. ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀ. ಬೆಟ್ಟದ ಶಿಖರ 804.8 ಮೀ. ಆಗಿದ್ದರೆ ಅದು ನೆಲಮಂಗಲದ ಬಸ್ ನಿಲ್ದಾಣಕ್ಕಿಂತ ಎಪ್ಪತ್ತೈದು ಮೀಟರ್ ಕೆಳಗಿರಬೇಕು. ಆ ಹುಡುಗಿ ಕೇಳಿದ್ದು ಸರಿಯಾಗಿ ಇದನ್ನೇ.

ಹಾಗಾದರೆ ಬುಡದಿಂದ ಅಳೆದ ಎತ್ತರ ಇರಬಹುದೇ? ಅದನ್ನೂ ನೋಡೋಣ. ಬುಡದ ಮಟ್ಟ 880 ಎಂದರೂ ಶಿಖರ 880 + 805 = 1,685 ಮೀ. ಆಗುತ್ತದೆ. ಆಗ ಶಿವಗಂಗೆ 1,478 ಮೀಟರಿನ ನಂದಿಬೆಟ್ಟಕ್ಕಿಂತ ಇನ್ನೂರು ಮೀಟರ್ ಎತ್ತರ! ಈ ಭಾಗದ ಯಾರೂ ಇದನ್ನು ಒಪ್ಪುವುದಿಲ್ಲ. ಅಂದರೆ ಹೇಗೆ ಅರ್ಥ ಮಾಡಿಕೊಂಡರೂ ಈ ಅಂಕಿ ನಿಲ್ಲುವುದಿಲ್ಲ.

ಎರಡನೆಯ ಪ್ರಶ್ನೆ: ಯಾರು ಅಳೆದರು? ಜಾಲತಾಣಗಳು ಇದನ್ನು ಹೇಳುವುದಿಲ್ಲ. ಹಳೆಯ ದಾಖಲೆ ನೋಡಿದರೆ, ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನಲ್ಲಿ ಶಿವಗಂಗೆಯ ಎತ್ತರ ಸಮುದ್ರಮಟ್ಟದಿಂದ 4,559 ಅಡಿ. ಮೀಟರಿಗೆ ತಂದರೆ ಸುಮಾರು 1,390. ಅದೇ ಗ್ರಂಥ ನಂದಿಗೆ 4,851 ಅಡಿ, ಸಾವನದುರ್ಗಕ್ಕೆ 4,024 ಅಡಿ ಕೊಡುತ್ತದೆ. ಇವು ಇಂದು ಒಪ್ಪಿರುವ 1,478 ಮೀ. ಮತ್ತು 1,226 ಮೀ. ಅಂಕಿಗಳಿಗೆ ಸರಿಹೊಂದುತ್ತವೆ. ಅಕ್ಕಪಕ್ಕದ ಎರಡು ಬೆಟ್ಟಗಳ ವಿಷಯದಲ್ಲಿ ಸರಿಯಿರುವ ಪಟ್ಟಿಯನ್ನು ಮೂರನೆಯ ಬೆಟ್ಟದ ವಿಷಯದಲ್ಲಿ ನಂಬಲು ಕಾರಣವಿದೆ. ಹುಡುಗಿಯ ಉತ್ತರವೇ ಸರಿ.

ಆದರೆ 804.8 ಎಲ್ಲಿಂದ ಬಂತು? ಖಚಿತವಾಗಿ ಹೇಳಲು ದಾಖಲೆಯಿಲ್ಲ. ಒಂದು ಗುಮಾನಿಯನ್ನಷ್ಟೇ ಮುಂದಿಡಬಹುದು. ಒಂದು ಮೈಲಿಗೆ 5,280 ಅಡಿ. ಅದರ ಅರ್ಧ ಸರಿಯಾಗಿ 2,640 ಅಡಿ. ಮೀಟರಿನಲ್ಲಿ ಅರ್ಧ ಮೈಲಿ ಎಂದರೆ 804.67. ಯಾರೋ ಎಲ್ಲೋ 'ಸುಮಾರು ಅರ್ಧ ಮೈಲಿ' ಎಂದು ಬಾಯಿಮಾತಿಗೆ ಬರೆದದ್ದು ಒಂದು ಗಣಕದಲ್ಲಿ ಮೀಟರಾಗಿ, ಇನ್ನೊಂದರಲ್ಲಿ ಮತ್ತೆ ಅಡಿಯಾಗಿ, ಕೊನೆಗೆ ದಶಮಾಂಶ ಬಿಂದು ತೊಟ್ಟು ಅಳತೆಯ ವೇಷದಲ್ಲಿ ನಿಂತಿರಬಹುದು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿ ಗಮನಿಸಬೇಕಾದ ಅಂಶವೊಂದಿದೆ. 'ಸುಮಾರು 800 ಮೀ.' ಎಂದಿದ್ದರೆ ನಾನು ಎರಡು ಸಲ ಯೋಚಿಸುತ್ತಿದ್ದೆನೇನೋ. '804.8' ಎಂದಾಗ ನಂಬಿದೆ. ದಶಮಾಂಶದ ನಂತರದ ಆ ಎಂಟು 'ಯಾರೋ ಹತ್ತು ಸೆಂಟಿಮೀಟರಿನ ನಿಖರತೆಯಿಂದ ಅಳೆದಿದ್ದಾರೆ' ಎಂದು ಸುಳ್ಳು ಭರವಸೆ ಕೊಟ್ಟಿತು. ಪ್ರಯೋಗಶಾಲೆಯಲ್ಲಿ ಮಿಲಿಮೀಟರ್ ಗೆರೆಯ ಅಳತೆಪಟ್ಟಿ ಹಿಡಿದು 12.4637 ಸೆಂ.ಮೀ. ಎಂದು ಬರೆದ ವಿದ್ಯಾರ್ಥಿಯನ್ನು ನಾವು ಗದರಿಸುತ್ತೇವೆ. ಜಾಲತಾಣವನ್ನು ಗದರಿಸುವುದಿಲ್ಲ!

ನೀವೇ ಅಳೆದು ನೋಡಿ

ಹತ್ತನೆಯ ತರಗತಿಯ ಗಣಿತದಲ್ಲಿ 'ಉನ್ನತ ಕೋನ' ಇದೆ. ಒಂದು ಕೋನಮಾಪಕ, ಒಂದು ಹೀರುಕೊಳವೆ, ದಾರ, ದಾರದ ತುದಿಗೆ ಒಂದು ಕಲ್ಲು – ಇಷ್ಟಿದ್ದರೆ ಕೋನ ಅಳೆಯುವ ಉಪಕರಣ ಸಿದ್ಧ. ಬೆಟ್ಟದ ಕಡೆಗೆ ನೇರವಾಗಿ ಸಾಗುವ, ಹೆಚ್ಚು ಏರಿಳಿತವಿಲ್ಲದ ಒಂದು ದಾರಿಯನ್ನು ಆರಿಸಿ. ಒಂದು ಜಾಗದಲ್ಲಿ ನಿಂತು ಶಿಖರದ ಉನ್ನತ ಕೋನ ಅಳೆಯಿರಿ. ಬೆಟ್ಟದ ಕಡೆಗೆ 500 ಮೀ. ನಡೆದು ಮತ್ತೆ ಅಳೆಯಿರಿ. ಮೊದಲ ಕೋನ 11 ಡಿಗ್ರಿ, ಎರಡನೆಯದು 14 ಡಿಗ್ರಿ ಬಂದಿತೆಂದು ಉದಾಹರಣೆಗೆ ಇಟ್ಟುಕೊಳ್ಳೋಣ. 11 ಡಿಗ್ರಿಯ ಕೋಟ್ಯಾಂಜೆಂಟ್ 5.145, 14 ಡಿಗ್ರಿಯದು 4.011. ವ್ಯತ್ಯಾಸ 1.134. ನಡೆದ ದೂರವನ್ನು ಇದರಿಂದ ಭಾಗಿಸಿದರೆ ನೀವು ನಿಂತ ನೆಲದಿಂದ ಶಿಖರದ ಎತ್ತರ ಸುಮಾರು 441 ಮೀ.

ಕೈಯಲ್ಲಿ ಮಾಡಿದ ಉಪಕರಣದಲ್ಲಿ ಒಂದು ಡಿಗ್ರಿ ತಪ್ಪುವುದು ಸಹಜ. ಎರಡನೆಯ ಕೋನವನ್ನು 14ರ ಬದಲು 15 ಎಂದು ಓದಿದರೆ ಎತ್ತರ 354 ಮೀ. ಆಗುತ್ತದೆ, 13 ಎಂದು ಓದಿದರೆ 615 ಮೀ. ಎಷ್ಟು ದೊಡ್ಡ ಅಂತರ ನೋಡಿ! "ಇಂಥ ಅಳತೆಯಿಂದ ಏನು ಪ್ರಯೋಜನ?" ಎಂದು ನೀವು ಕೇಳಬಹುದು. ಪ್ರಯೋಜನ ಇದೆ. ನಿಂತ ನೆಲದ ಮಟ್ಟ ಸುಮಾರು 900 ಮೀ. ಎಂದುಕೊಂಡರೆ ಶಿಖರ 1,250ರಿಂದ 1,515 ಮೀಟರಿನೊಳಗೆ ಎಲ್ಲೋ ಇದೆ. ನಿಖರ ಎತ್ತರ ಇದರಿಂದ ಸಿಗದು. ಆದರೆ 804.8 ಅಲ್ಲ, 1,685 ಕೂಡ ಅಲ್ಲ ಎಂಬುದು ಸಿಕ್ಕಿತು. ಒರಟು ಸಾಧನದಿಂದ ಸತ್ಯವನ್ನು ಸ್ಥಾಪಿಸುವುದು ಕಷ್ಟ. ದೊಡ್ಡ ಸುಳ್ಳನ್ನು ತಳ್ಳಿಹಾಕಲು ಅದೇ ಸಾಕು. ನಮ್ಮ ಹಳ್ಳಿಯ ಶಾಲೆಗಳಿಗೆ ಇದಕ್ಕಿಂತ ಉತ್ತೇಜನಕಾರಿ ಮಾತು ಇನ್ನೊಂದಿರಲಾರದು.

ಕೆಲವು ಮೊಬೈಲ್ ಫೋನುಗಳಲ್ಲಿ ವಾಯುಭಾರಮಾಪಕ ಇರುತ್ತದೆ. ಈ ಎತ್ತರದಲ್ಲಿ ಪ್ರತಿ 100 ಮೀ. ಏರಿದಾಗ ಒತ್ತಡ ಸುಮಾರು 10–11 ಹೆಕ್ಟೊಪಾಸ್ಕಲ್ ಇಳಿಯುತ್ತದೆ. ಬುಡದಲ್ಲೊಮ್ಮೆ, ತುದಿಯಲ್ಲೊಮ್ಮೆ ಓದಿಕೊಂಡರೆ ಎತ್ತರದ ವ್ಯತ್ಯಾಸ ಸಿಗುತ್ತದೆ. ಫೋನಿನ ಜಿಪಿಎಸ್ ಕೂಡ ಎತ್ತರ ಹೇಳುತ್ತದೆ. ಆದರೆ ಎಚ್ಚರ! ಉಪಗ್ರಹಗಳು ಲೆಕ್ಕ ಹಾಕುವುದು ಭೂಮಿಯ ಆಕಾರಕ್ಕೆ ಹೊಂದಿಸಿದ ಒಂದು ಗಣಿತೀಯ ದೀರ್ಘಗೋಳದ ಮೇಲ್ಮೈಯಿಂದ. ನಮ್ಮ ಭಾಗದಲ್ಲಿ ಸರಾಸರಿ ಸಮುದ್ರಮಟ್ಟ ಈ ಮೇಲ್ಮೈಗಿಂತ ಸುಮಾರು 85 ಮೀ. ಕೆಳಗಿದೆ. ಇದನ್ನು ಸರಿಪಡಿಸದ ಆಪ್ ತೋರಿಸುವ ಎತ್ತರ ಅಷ್ಟೇ ಕಡಿಮೆ ಬರುತ್ತದೆ. 'ಎಲ್ಲಿಂದ ಅಳೆದ ಎತ್ತರ?' ಎಂಬ ಪ್ರಶ್ನೆ ಉಪಗ್ರಹಕ್ಕೂ ತಪ್ಪಿದ್ದಲ್ಲ.

'ಏಷ್ಯಾದಲ್ಲೇ ಮೊದಲು'

ಎರಡನೆಯ ಪ್ರಶ್ನೆಗೆ ಬರೋಣ. ಇದಕ್ಕೆ ಅಂದು ಎಲ್ಲ ತಂಡಗಳೂ ಉತ್ತರಿಸಲು ಕೈಯೆತ್ತಿದ್ದವು. ಬೆಂಗಳೂರಿನಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರ ಆಗಸ್ಟ್ ತಿಂಗಳಲ್ಲಿ. ಇದು ಸರಿ. 'ಏಷ್ಯಾದಲ್ಲೇ ಮೊದಲು' ಎಂಬುದು ಸರಿಯಲ್ಲ. ಜಪಾನಿನ ಟೋಕಿಯೊದಲ್ಲಿ 1887ರಲ್ಲೇ ವಿದ್ಯುತ್ ಪೂರೈಕೆ ಆರಂಭವಾಗಿತ್ತು. ಭಾರತದಲ್ಲೇ ಡಾರ್ಜಿಲಿಂಗ್ 1897ರಲ್ಲಿ, ಕೋಲ್ಕತ್ತ 1899ರಲ್ಲಿ ವಿದ್ಯುತ್ ಪಡೆದಿದ್ದವು.

ಹೀಗೆಂದಾಗ ಕೆಲವರು, "ಜಲವಿದ್ಯುತ್ತಿನಿಂದ ಬೆಳಗಿದ ಮೊದಲ ನಗರ" ಎಂದು ತಿದ್ದುಪಡಿ ತರುತ್ತಾರೆ. ಅದೂ ನಿಲ್ಲುವುದಿಲ್ಲ. ಕ್ಯೋಟೊದ ಕೆಆಗೆ ಜಲವಿದ್ಯುತ್ ಕೇಂದ್ರ 1891ರದ್ದು. ಡಾರ್ಜಿಲಿಂಗಿಗೆ ಬೆಳಕು ಕೊಟ್ಟ ಸಿದ್ರಾಪಾಂಗ್ ಕೂಡ ಜಲವಿದ್ಯುತ್ ಕೇಂದ್ರವೇ. 'ಮೊದಲು' ಎಂಬ ಪದ ಕಂಡಾಗ ಅದರ ಮುಂದಿನ ವಿಶೇಷಣಗಳನ್ನು ಎಣಿಸಿ. ಕೆಲವೊಮ್ಮೆ ಅವು ಉದುರಿ ಹೋಗಿ ಸಣ್ಣ ಸತ್ಯ ದೊಡ್ಡ ಸುಳ್ಳಾಗುತ್ತದೆ. ಕೆಲವೊಮ್ಮೆ ಸುಳ್ಳನ್ನು ಉಳಿಸಲು ವಿಶೇಷಣಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುತ್ತಾರೆ.

ಇದರಲ್ಲಿ ನಷ್ಟ ಯಾರಿಗೆ? ನಮಗೇ. ಈ ಹುಸಿ ಹೆಮ್ಮೆಯ ಗದ್ದಲದಲ್ಲಿ ನಿಜವಾದ ಸಾಧನೆ ಮರೆಯಾಗಿದೆ. 1902ರ ಜೂನ್ ಕೊನೆಗೆ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಆ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಸಾಗಣೆ ಮಾರ್ಗಗಳಲ್ಲಿ ಒಂದು. ಅಷ್ಟು ದೂರ ತಂತಿಯಲ್ಲಿ ಸಾಗುವಾಗ ವಿದ್ಯುತ್ತು ಶಾಖವಾಗಿ ಪೋಲಾಗದಂತೆ ನೋಡಿಕೊಳ್ಳುವುದೇ ಎಂಜಿನಿಯರುಗಳ ಮುಂದಿದ್ದ ಸವಾಲು. ಅದಕ್ಕೇ ವೋಲ್ಟೇಜನ್ನು ಏರಿಸಿ ಕಳಿಸುತ್ತಾರೆ. ಅದೇ ತಂತಿಯಲ್ಲಿ ಅಷ್ಟೇ ಸಾಮರ್ಥ್ಯವನ್ನು ಎರಡು ಪಟ್ಟು ವೋಲ್ಟೇಜಿನಲ್ಲಿ ಕಳಿಸಿದರೆ ಪ್ರವಾಹ ಅರ್ಧವಾಗುತ್ತದೆ, ಶಾಖವಾಗಿ ಪೋಲಾಗುವುದು ಕಾಲು ಭಾಗಕ್ಕೆ ಇಳಿಯುತ್ತದೆ. 'ಮೊದಲು ಯಾರು?' ಎಂಬುದರ ಬದಲು 'ಹೇಗೆ ಸಾಗಿಸಿದರು?' ಎಂದು ನಾನು ಕೇಳಿದ್ದರೆ ಆ ಮಕ್ಕಳು ಒಂದು ಪಾಠ ಕಲಿಯುತ್ತಿದ್ದರು.

ಸುರಂಗದ ಕಲ್ಲು ಎಲ್ಲಿ ಹೋಯಿತು?

ಮೂರನೆಯ ಪ್ರಶ್ನೆ ಸುರಂಗದ್ದು. ಶಿವಗಂಗೆಯ ಗವಿಯಿಂದ ಬೆಂಗಳೂರಿನ ಗವಿಗಂಗಾಧರೇಶ್ವರ ಗುಡಿಯವರೆಗೆ ಗುಪ್ತ ಮಾರ್ಗವಿದೆ ಎಂಬುದು ಹಳೆಯ ಪ್ರತೀತಿ. ಹಿರಿಯರು ಹೇಳುವ ಕತೆಯಾಗಿ ಇದಕ್ಕೆ ಒಂದು ಸೊಬಗಿದೆ. ಎರಡು ಗಂಗಾಧರ ಕ್ಷೇತ್ರಗಳ ನಂಟನ್ನು ಜನ ಕಟ್ಟಿಕೊಂಡ ಬಗೆ ಅದು. ಅಜ್ಜಿ ಹೇಳುವಾಗ 'ಇದೆಯಂತೆ' ಎನ್ನುತ್ತಾರೆ. ಆ 'ಅಂತೆ' ಬಹಳ ಪ್ರಾಮಾಣಿಕವಾದ ಪ್ರತ್ಯಯ. ಜಾಲದಲ್ಲಿ ಮೊದಲು ಬಿದ್ದುಹೋಗುವುದೇ ಅದು. 'ಇದೆಯಂತೆ' ಎಂಬುದು 'ಇದೆ' ಆಗುತ್ತದೆ. ನನ್ನ ಪ್ರಶ್ನೆಯಲ್ಲೂ ಹಾಗೇ ಆಗಿತ್ತು.

ಒಂದು ಸರಳ ಗುಣಾಕಾರ ಮಾಡೋಣ. ಎರಡೂ ಸ್ಥಳಗಳ ನಡುವೆ ನೇರ ಗೆರೆಯಲ್ಲಿ ಸುಮಾರು 45 ಕಿ.ಮೀ. ದೂರ. ಒಬ್ಬ ಮನುಷ್ಯ ನಡೆಯಲು ಒಂದು ಮೀಟರ್ ಅಗಲ, ಎರಡು ಮೀಟರ್ ಎತ್ತರದ ದಾರಿ ಬೇಕೆನ್ನೋಣ. ಅಗೆಯಬೇಕಾದ ಬಂಡೆ 45,000 × 1 × 2 = 90,000 ಘನ ಮೀಟರ್. ಗ್ರಾನೈಟಿನಂಥ ಬಂಡೆಯ ಸಾಂದ್ರತೆ ಘನ ಮೀಟರಿಗೆ ಸುಮಾರು 2.7 ಟನ್. ಒಟ್ಟು 2,43,000 ಟನ್ ಕಲ್ಲು. ಹತ್ತು ಟನ್ ಹೊರುವ ಲಾರಿಗಳಲ್ಲಿ ಇಪ್ಪತ್ತನಾಲ್ಕು ಸಾವಿರ ಲೋಡ್! ಇಷ್ಟು ಕಲ್ಲನ್ನು ಹೊರಗೆ ಎಳೆದುಹಾಕಿದ್ದರೆ ಅದರ ಗುಡ್ಡೆ ಎಲ್ಲಿ? ಒಳಗೆ ಗಾಳಿ ಆಡಲು ಮಧ್ಯೆ ಮಧ್ಯೆ ತೋಡಿದ ಬಾವಿಗಳೆಲ್ಲಿ? ಅಂತರ್ಜಲ ನುಗ್ಗಿದಾಗ ಅದನ್ನು ಎತ್ತಿ ಹಾಕಿದ್ದು ಹೇಗೆ? ಈ ಸಾಲಿನಲ್ಲಿ ಸಾವಿರಾರು ಕೊಳವೆಬಾವಿಗಳನ್ನು ಕೊರೆದಿದ್ದೇವೆ. ಸುರಂಗ ಸಿಕ್ಕ ದಾಖಲೆಯಿದೆಯೇ?

ಕತೆಯನ್ನು ಅಳಿಸಬೇಕಿಲ್ಲ. ಅದು ಕತೆ ಎಂದು ಹೇಳಿ ದಾಟಿಸಿದರೆ ಸಾಕು. ಜಾನಪದ ಸುತ್ತಿನಲ್ಲಿ ಕೇಳಿದ್ದರೆ ಅದು ಒಳ್ಳೆಯ ಪ್ರಶ್ನೆಯೇ. ಇತಿಹಾಸದ ಸುತ್ತಿನಲ್ಲಿ ಕೇಳಿದ್ದು ನನ್ನ ತಪ್ಪು.

ಶಾಸನ ಹೇಳಿದ್ದು, ಹೇಳದ್ದು

ನಾಲ್ಕನೆಯ ಪ್ರಶ್ನೆ ಸೂಕ್ಷ್ಮವಾದದ್ದು. ವಿಷ್ಣುವರ್ಧನನ ರಾಣಿ ಶಾಂತಲೆ ಶಿವಗಂಗೆಯ ಬಂಡೆಯಿಂದ ಹಾರಿ ಪ್ರಾಣ ಬಿಟ್ಟಳು ಎಂಬುದನ್ನು ಬೆಟ್ಟ ಹತ್ತಿದವರೆಲ್ಲ ಕೇಳಿರುತ್ತಾರೆ. ಹಾರಿದ ಜಾಗವನ್ನೂ ತೋರಿಸುತ್ತಾರೆ. ಇಲ್ಲಿ ಲೆಕ್ಕದಿಂದ ಪ್ರಯೋಜನವಿಲ್ಲ. ದಾಖಲೆಯನ್ನೇ ಓದಬೇಕು. ಅದೃಷ್ಟವಶಾತ್ ದಾಖಲೆ ಇದೆ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ ಒಂದು ಶಾಸನ ಶಾಂತಲೆಯ ಮರಣವನ್ನು ತಿಳಿಸುತ್ತದೆ. ಶಕವರ್ಷ 1053, ಎಂದರೆ ಕ್ರಿ.ಶ. 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ಆಕೆ ಸ್ವರ್ಗಸ್ಥಳಾದಳು ಎಂಬುದು ಅದರ ಸಾರ. ಮಗಳ ಅಗಲಿಕೆಯ ನಂತರ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಸನ್ಯಸನ ವ್ರತ ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ದೇಹ ಬಿಟ್ಟಳು ಎಂದೂ ಅದು ಹೇಳುತ್ತದೆ. ಈ ಶಾಸನ 'ಎಪಿಗ್ರಾಫಿಯಾ ಕರ್ನಾಟಿಕಾ' ಎರಡನೆಯ ಸಂಪುಟದಲ್ಲಿ ಅಚ್ಚಾಗಿದೆ. ಯಾರು ಬೇಕಾದರೂ ತೆರೆದು ನೋಡಬಹುದು.

ಒಂದು ಅಂಶ ಗಮನಿಸಿ. ತಾಯಿ ಹೇಗೆ ದೇಹ ಬಿಟ್ಟಳು ಎಂಬುದನ್ನು ಶಾಸನ ವಿವರವಾಗಿ ಹೇಳುತ್ತದೆ. ಮಗಳ ವಿಷಯದಲ್ಲಿ ಸ್ಥಳ, ಕಾಲ ಹೇಳುತ್ತದೆ. ಬಂಡೆಯಿಂದ ಹಾರಿದ ಮಾತು ಅಲ್ಲಿಲ್ಲ. ಆ ಖಾಲಿ ಜಾಗದಲ್ಲಿ ಕತೆ ಬಂದು ಕುಳಿತಿದೆ. ಶಿವಗಂಗೆಯಂಥ ಕಡಿದಾದ ಬೆಟ್ಟ, ಹೆಸರಾಂತ ರಾಣಿ, ಕಾರಣ ತಿಳಿಯದ ಸಾವು – ಕತೆ ಹುಟ್ಟಲು ಇನ್ನೇನು ಬೇಕು?

ಈಗ ನಮ್ಮ ಸರದಿ. ಇಷ್ಟು ಓದಿದ ಉತ್ಸಾಹದಲ್ಲಿ "ಶಾಂತಲೆ ಹಾರಲೇ ಇಲ್ಲ" ಎಂದು ಘೋಷಿಸಿದರೆ ನಾವೂ ಅದೇ ತಪ್ಪು ಮಾಡಿದಂತೆ. ಶಾಸನ ಅದನ್ನೂ ಹೇಳಿಲ್ಲ. ಆಕೆಯೂ ತಾಯಿಯಂತೆ ವ್ರತದಿಂದ ದೇಹ ಬಿಟ್ಟಿರಬಹುದು ಎಂದು ಊಹಿಸಬಹುದು. ಊಹೆ ಎಂದು ಹೇಳಿಯೇ ಊಹಿಸಬೇಕು. ಸುಳ್ಳನ್ನು ಬಯಲು ಮಾಡುವ ಉಮೇದಿನಲ್ಲಿ ಹೊಸ ಸುಳ್ಳು ಹುಟ್ಟಿಸುವ ಬರಹಗಳೂ ಜಾಲದಲ್ಲಿ ಕಡಿಮೆಯಿಲ್ಲ. 'ದಾಖಲೆ ಇಲ್ಲಿಗೆ ನಿಲ್ಲುತ್ತದೆ' ಎಂದು ಬರೆಯುವ ಧೈರ್ಯ ಬೇಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲ, ವಿಜ್ಞಾನದಲ್ಲಿ ಇದೆ.

ಹತ್ತು ತಾಣ, ಒಂದೇ ಸಾಕ್ಷಿ

"ಒಂದಲ್ಲ, ಹತ್ತು ಕಡೆ ನೋಡಿದೆ, ಎಲ್ಲ ಕಡೆಯೂ ಹಾಗೇ ಇತ್ತು." ಅಂದು ರಾತ್ರಿ ನನ್ನನ್ನು ನಾನೇ ಸಮರ್ಥಿಸಿಕೊಂಡ ಮಾತಿದು. ಅದನ್ನೂ ಪರೀಕ್ಷಿಸೋಣ. ತರಗತಿಯಲ್ಲಿ ಹತ್ತು ವಿದ್ಯಾರ್ಥಿಗಳು ಒಂದು ಲೆಕ್ಕಕ್ಕೆ ಒಂದೇ ತಪ್ಪು ಉತ್ತರವನ್ನು ಅದೇ ದಶಮಾಂಶದವರೆಗೆ ಬರೆದರೆ ನೀವು ಏನೆನ್ನುತ್ತೀರಿ? ಹತ್ತು ಮಂದಿ ಲೆಕ್ಕ ಮಾಡಿದರು ಎನ್ನುವುದಿಲ್ಲ. ಒಬ್ಬ ಮಾಡಿದ, ಒಂಬತ್ತು ಮಂದಿ ನಕಲು ಮಾಡಿದರು ಎನ್ನುತ್ತೀರಿ. ಬೇರೆ ಬೇರೆಯಾಗಿ ಅಳೆದ ಹತ್ತು ಅಳತೆಗಳು ಸ್ವಲ್ಪವಾದರೂ ಬೇರೆ ಬೇರೆಯಾಗಿರುತ್ತವೆ. ಹತ್ತೂ ಕಡೆ 804.8 ಎಂದಿರುವುದೇ ಅದು ಒಂದೇ ಮೂಲದ್ದು ಎನ್ನಲು ಸಾಕ್ಷಿ.

ಈಗ ಇನ್ನೊಂದು ಹಂತ ಸೇರಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಜಾಲದಲ್ಲಿರುವ ಬರಹಗಳಿಂದಲೇ ಕಲಿತು, ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಕೊಡುತ್ತವೆ. ಭಾಷೆ ಸೊಗಸಾಗಿದ್ದಷ್ಟೂ ಅನುಮಾನ ಕಡಿಮೆಯಾಗುತ್ತದೆ. ಆ ಉತ್ತರವನ್ನು ಯಾರೋ ತಮ್ಮ ಪುಟಕ್ಕೆ ಏರಿಸಿದರೆ ಅದೇ ತಪ್ಪಿಗೆ ಹನ್ನೊಂದನೆಯ 'ಸಾಕ್ಷಿ' ಸಿಕ್ಕಂತಾಗುತ್ತದೆ.

ಅಚ್ಚಾದ ಪುಸ್ತಕ ಸದಾ ಸರಿ, ಜಾಲ ಸದಾ ತಪ್ಪು ಎಂದು ಇದರ ಅರ್ಥವಲ್ಲ. ಪುಸ್ತಕಗಳಲ್ಲೂ ತಪ್ಪುಗಳಿವೆ, ಗೆಜೆಟಿಯರನ್ನು ನಂಬುವ ಮೊದಲು ನಾವು ನಂದಿ, ಸಾವನದುರ್ಗಗಳ ಅಂಕಿಯನ್ನು ತಾಳೆ ನೋಡಿದ್ದು ಅದಕ್ಕಾಗಿಯೇ. ಹಾಗೆಯೇ, ಹಳೆಯ ಗೆಜೆಟಿಯರುಗಳು, ಶಾಸನ ಸಂಪುಟಗಳು ಇಂದು ಹಳ್ಳಿಯ ಶಿಕ್ಷಕರಿಗೂ ಸಿಗುತ್ತಿರುವುದು ಜಾಲದಿಂದಲೇ. ಒಂದು ಕಾಲದಲ್ಲಿ ಅವನ್ನು ನೋಡಲು ಬೆಂಗಳೂರಿನ ದೊಡ್ಡ ಗ್ರಂಥಾಲಯಗಳಿಗೆ ಹೋಗಬೇಕಿತ್ತು. ನಾವು ಜಾಲದ ಅಂಗಳದಲ್ಲಿ ಬಿದ್ದಿರುವ ಪುಡಿ ಸುದ್ದಿಗಳನ್ನು ಆರಿಸಿಕೊಂಡು, ಒಳಗಿನ ಕಣಜವನ್ನು ತೆರೆಯದೆ ವಾಪಸು ಬರುತ್ತಿದ್ದೇವೆ.

ಎರಡನೆಯ ಅಳತೆ

ಭೂಮಾಪನದ ಇತಿಹಾಸದಲ್ಲಿ ನಮ್ಮ ಜಿಲ್ಲೆಗಳಿಗೆ ಸಂಬಂಧಿಸಿದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆಸಿದ. ಮುಂದೆ 1802ರಲ್ಲಿ ಮದರಾಸಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನಗಳ ಸರಣಿಯನ್ನು ಪಶ್ಚಿಮಕ್ಕೆ ಹೆಣೆಯುತ್ತಾ ಬಂದ. ಈ ತ್ರಿಕೋನಗಳ ಲೆಕ್ಕದಿಂದ ಬೆಂಗಳೂರಿನ ಬಳಿಯ ರೇಖೆಯ ಉದ್ದವನ್ನು ಕಾಗದದ ಮೇಲೆಯೇ ಪಡೆಯಬಹುದಿತ್ತು. ಅಷ್ಟಕ್ಕೆ ಅವನು ತೃಪ್ತನಾಗಲಿಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ನೆಲದ ಮೇಲೆ ಸರಪಳಿ ಎಳೆಸಿ, ಲೆಕ್ಕದ ಉದ್ದಕ್ಕೂ ನಿಜವಾದ ಉದ್ದಕ್ಕೂ ತಾಳೆ ನೋಡಿದ. ಪರೀಕ್ಷೆಗೆಂದೇ ಅಳೆಯುವ ಇಂಥ ರೇಖೆಗೆ ಭೂಮಾಪಕರಲ್ಲಿ ಒಂದು ಪ್ರತ್ಯೇಕ ಸ್ಥಾನವೇ ಇದೆ. ಅಷ್ಟು ನಿಖರವಾಗಿ ಕೆಲಸ ಮಾಡಿದವರೂ ತಮ್ಮ ಲೆಕ್ಕವನ್ನು ಎರಡನೆಯ ಅಳತೆಯಿಲ್ಲದೆ ನಂಬಲಿಲ್ಲ.

ನಮಗೂ ಬೇಕಾದದ್ದು ಆ ಎರಡನೆಯ ಅಳತೆ. ಮುಂದಿನ ಸಲ ರಸಪ್ರಶ್ನೆಗೆ ಪ್ರಶ್ನೆ ಹೊಂದಿಸುವಾಗ ಪ್ರತಿ ಉತ್ತರದ ಪಕ್ಕದಲ್ಲಿ ಒಂದು ಸಾಲು ಬರೆದುಕೊಳ್ಳಿ: 'ಇದು ನನಗೆ ಗೊತ್ತಾದದ್ದು ಎಲ್ಲಿಂದ? ಅವರಿಗೆ ಗೊತ್ತಾದದ್ದು ಎಲ್ಲಿಂದ?' ಎರಡನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನು ಕೈಬಿಡಿ. ವಿದ್ಯಾರ್ಥಿಗಳೇ, ಉತ್ತರ ಹೇಳಿದ ಶಿಕ್ಷಕರನ್ನು "ಯಾರು ಅಳೆದರು ಸಾರ್?" ಎಂದು ವಿನಯದಿಂದಲೇ ಕೇಳಿ. ಶಿಕ್ಷಕರೇ, ಸಭೆ ನಕ್ಕರೂ ನೀವು ನಗಬೇಡಿ. ಕಾರ್ಯಕ್ರಮ ಐದು ನಿಮಿಷ ತಡವಾದರೆ ಏನೂ ಮುಳುಗುವುದಿಲ್ಲ.

ಸ್ಪರ್ಧೆಯಾದ ಮರುವಾರ ನಾನು ಆ ಶಾಲೆಗೆ ಹೋಗಿ ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರು ನನ್ನ ತಪ್ಪು ಒಪ್ಪಿಕೊಂಡೆ. ಬಹುಮಾನ ಆಗಲೇ ಬೇರೆ ಶಾಲೆಯ ಬೀರು ಸೇರಿತ್ತು. ಅದನ್ನು ಮರಳಿ ತರಲಾಗಲಿಲ್ಲ. ಹುಡುಗಿಯನ್ನು ಕರೆದು, "ಎತ್ತರ ನಿನಗೆ ಹೇಗೆ ಗೊತ್ತಿತ್ತಮ್ಮ?" ಎಂದು ಕೇಳಿದೆ. ಅವಳಿಗೆ ಗೆಜೆಟಿಯರಿನ ಹೆಸರೂ ತಿಳಿದಿರಲಿಲ್ಲ. "ಸರಿಯಾಗಿ ಗೊತ್ತಿರಲಿಲ್ಲ ಸಾರ್. ನಮ್ಮೂರು ಒಂಬೈನೂರರ ಹತ್ತಿರ. ಅಲ್ಲಿಂದ ಬೆಟ್ಟ ನಂದಿಬೆಟ್ಟಕ್ಕಿಂತ ಸ್ವಲ್ಪ ಚಿಕ್ಕದು ಅಂತ ನಮ್ಮ ತಾತ ಹೇಳ್ತಿದ್ರು. ಅದಕ್ಕೇ ಸಾವಿರದ ಮುನ್ನೂರಕ್ಕಿಂತ ಜಾಸ್ತಿ ಅಂದೆ" ಎಂದಳು.

ಗೊತ್ತಿರುವ ಎರಡು ಎತ್ತರಗಳ ನಡುವೆ ಗೊತ್ತಿಲ್ಲದ ಒಂದನ್ನು ಅವಳು ಕೂರಿಸಿದ್ದಳು. ತಾನು ಎಷ್ಟರ ಮಟ್ಟಿಗೆ ಬಲ್ಲೆ ಎಂಬುದನ್ನು 'ಜಾಸ್ತಿ' ಎಂಬ ಒಂದೇ ಪದದಲ್ಲಿ ಹೇಳಿದ್ದಳು. ನನ್ನ ಹಾಳೆಯಲ್ಲಿದ್ದ ದಶಮಾಂಶದ ಉತ್ತರಕ್ಕಿಂತ ಅದು ಹೆಚ್ಚು ವೈಜ್ಞಾನಿಕವಾಗಿತ್ತು.